ಗೇರುಸೊಪ್ಪೆ: ಕಣಿವೆಯ ಪಟ್ಟಣವೊಂದರ ಜಮಾ-ಖರ್ಚು

ಊರುಗಳು ಎರಡು ಬಗೆಯಲ್ಲಿ ಬೆಳೆಯುತ್ತವೆ. ಸುತ್ತಲಿನ ಹೊಲಗದ್ದೆಗಳ ಬಲದಿಂದ ಬೆಳೆಯುವುದು ಒಂದು ಬಗೆ. ದಾರಿಗಳ ಬಲದಿಂದ ಬೆಳೆಯುವುದು ಇನ್ನೊಂದು ಬಗೆ. ನಮ್ಮ ಅಕ್ಕಿಆಲೂರು ಮೊದಲನೆಯ ಬಗೆಯದು. ಅದರ ಹೆಸರಿನಲ್ಲೇ ಅದರ ಸಂಪತ್ತು ಅಡಗಿದೆ. ಮಳೆ ಬಂದು ಭತ್ತ ಬೆಳೆಯುವವರೆಗೆ ಇಂಥ ಊರು ಇದ್ದೇ ಇರುತ್ತದೆ. ಅರಸರು ಬದಲಾದರೂ ಸಂತೆ ನಿಲ್ಲುವುದಿಲ್ಲ. ಎರಡನೆಯ ಬಗೆಯ ಊರಿನ ಸ್ಥಿತಿ ಹಾಗಲ್ಲ. ದಾರಿ ನಡೆಯುವವರೆಗೆ ಅದರ ವೈಭವಕ್ಕೆ ಎಣೆಯಿಲ್ಲ. ದಾರಿ ನಿಂತ ದಿನ ಅದರ ಬಾಳೂ ನಿಲ್ಲುತ್ತದೆ.

ಈ ಎರಡನೆಯ ಬಗೆಯ ಊರಿಗೆ ಉತ್ತಮ ನಿದರ್ಶನ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ. ಶರಾವತಿಯ ಕಣಿವೆಯಲ್ಲಿ, ಬೆಟ್ಟಗಳ ಮಡಿಲಿನಲ್ಲಿ ಅಡಗಿದ್ದ ಈ ಪಟ್ಟಣ ಒಂದು ಕಾಲಕ್ಕೆ ಜೈನ ಅರಸುಮನೆತನದ ರಾಜಧಾನಿಯಾಗಿತ್ತು. ಜೈನ ವರ್ತಕರ ನೆಲೆವೀಡಾಗಿತ್ತು. ಇಂದು ಅಲ್ಲಿ ಕಾಡಿನ ನಡುವೆ ಕೆಲವು ಬಸದಿಗಳು ಮಾತ್ರ ನಿಂತಿವೆ. ಗೇರುಸೊಪ್ಪೆಯ ಹೆಸರು ಹೇಳಿದೊಡನೆ ನಮ್ಮಲ್ಲಿ ಎಲ್ಲರೂ ರಾಣಿ ಚೆನ್ನಭೈರಾದೇವಿಯನ್ನು ನೆನೆಯುತ್ತಾರೆ. ಅದು ಯುಕ್ತವೇ ಆಗಿದೆ. ಆದರೆ ಆ ಊರಿನ ವರ್ತಕರನ್ನು ನೆನೆಯುವವರು ವಿರಳ. ರಾಣಿಯ ಅರಮನೆ ಮಣ್ಣಾಯಿತು. ವರ್ತಕರು ಮಾಡಿದ ಕೆಲವು ಕಾರ್ಯಗಳ ಲೆಕ್ಕ ಮಾತ್ರ ಇಂದಿಗೂ ಕಲ್ಲಿನ ಮೇಲೆ ಉಳಿದಿದೆ. ಆ ಲೆಕ್ಕವನ್ನು ಶ್ರಾವಕ ಬಂಧುಗಳ ಮುಂದೆ, ವಿಶೇಷವಾಗಿ ಬಸದಿಗಳ ಆಡಳಿತ ನೋಡಿಕೊಳ್ಳುವ ವಿಶ್ವಸ್ತ ಮಂಡಳಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಕಣಿವೆಯ ನೆಲೆ

ಶರಾವತಿ ನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಸುಮಾರು 128 ಕಿಲೋಮೀಟರು ಹರಿದು, ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಜೋಗದಲ್ಲಿ 253 ಮೀಟರು ಆಳಕ್ಕೆ ಧುಮುಕಿದ ಮೇಲೆ ಅದು ಕಡಿದಾದ ಬೆಟ್ಟಗಳ ನಡುವಣ ಇಕ್ಕಟ್ಟಾದ ಕಮರಿಯಲ್ಲಿ ಸಾಗುತ್ತದೆ. ಗೇರುಸೊಪ್ಪೆಯ ಬಳಿಗೆ ಬಂದಾಗ ಕಣಿವೆ ಸ್ವಲ್ಪ ತೆರೆದುಕೊಳ್ಳುತ್ತದೆ. ನೀರಿನ ರಭಸ ಅಡಗುತ್ತದೆ. ಅಲ್ಲಿಂದ ಕಡಲಿಗೆ ಸುಮಾರು 30 ಕಿಲೋಮೀಟರು. ಈ ಭಾಗದಲ್ಲಿ ನದಿ ದೋಣಿಗಳು ನಿರಾತಂಕವಾಗಿ ಓಡಾಡುವಷ್ಟು ಶಾಂತವೂ ಆಳವೂ ಆಗಿದೆ.

ಆದ್ದರಿಂದ ಕಡಲಿನಿಂದ ಬರುವ ದೋಣಿಗೆ ಗೇರುಸೊಪ್ಪೆಯೇ ಕೊನೆಯ ನಿಲ್ದಾಣ. ಘಟ್ಟದಿಂದ ಇಳಿದು ಬರುವ ಹೇರೆತ್ತಿಗೆ ಅದೇ ಮೊದಲ ತಂಗುದಾಣ. ಎತ್ತಿನ ಬೆನ್ನ ಮೇಲಿನ ಹೇರು ದೋಣಿಗೆ ಬದಲಾಗುವುದು ಅಲ್ಲಿ. ದೋಣಿಯ ಸರಕು ಎತ್ತಿನ ಬೆನ್ನಿಗೆ ಏರುವುದೂ ಅಲ್ಲಿಯೇ. ಸರಕು ವಾಹನ ಬದಲಿಸುವ ಜಾಗದಲ್ಲಿ ಏನೇನು ಬೇಕಾಗುತ್ತದೆ ಎಂಬುದನ್ನು ವ್ಯಾಪಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ. ಸರಕನ್ನು ಇಳಿಸಿಡಲು ಉಗ್ರಾಣ ಬೇಕು. ತೂಗಲು ತಕ್ಕಡಿ ಬೇಕು. ಎರಡು ಕಡೆಯ ನಾಣ್ಯಗಳನ್ನು ಅರಿತ ಚಿನಿವಾರ ಬೇಕು. ಮುಂಗಡ ಕೊಡುವ ಸಾಹುಕಾರ ಬೇಕು. ಇವೆಲ್ಲಕ್ಕೂ ಮಿಗಿಲಾಗಿ, ಮಾತಿಗೆ ತಪ್ಪದ ಮಧ್ಯಸ್ಥ ಬೇಕು. ಕಣಿವೆಯ ಊರು ಪೇಟೆಯಾಗುವುದು ಹೀಗೆ.

ಉತ್ತರ ಕನ್ನಡದ ನಾಲ್ಕು ದೊಡ್ಡ ನದಿಗಳಾದ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳು ಘಟ್ಟವನ್ನು ಕಡಿದು ಕಡಲಿಗೆ ದಾರಿ ಮಾಡಿಕೊಂಡಿವೆ. ಕಡಲಿಗೂ ಘಟ್ಟದ ಮೇಲಿನ ನಾಡಿಗೂ ವ್ಯವಹಾರ ಬೆಳೆದದ್ದು ಈ ಕಣಿವೆಗಳ ಆಸರೆಯಿಂದ. ಬನವಾಸಿ, ಹಾನಗಲ್ಲು ಸೀಮೆಗಳ ಜನಕ್ಕೂ ಉಪ್ಪು, ತೆಂಗು, ಒಣಮೀನು ಮೊದಲಾದ ಕಡಲ ಕಡೆಯ ವಸ್ತುಗಳು ಘಟ್ಟ ಹತ್ತಿಯೇ ಬರಬೇಕಾಗಿತ್ತು. ಹಾಗೆ ನೋಡಿದರೆ ಗೇರುಸೊಪ್ಪೆ ನಮಗೆ ದೂರದ ಊರಲ್ಲ.

ಕಣಿವೆಯ ವರ್ಷದ ಕ್ರಮವನ್ನೂ ಗಮನಿಸಬೇಕು. ಅಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಹಾಯಿಹಡಗುಗಳ ಕಾಲದಲ್ಲಿ ಆ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚುತ್ತಿದ್ದವು. ಘಟ್ಟದ ಹಾದಿಯೂ ಕೆಸರಾಗಿ ಎತ್ತುಗಳು ನಡೆಯುವಂತಿರಲಿಲ್ಲ. ವ್ಯಾಪಾರಕ್ಕೆ ಬಿಡುವು. ಇದೇ ನಾಲ್ಕು ತಿಂಗಳು ನಮ್ಮ ತ್ಯಾಗಿಗಳ ಚಾತುರ್ಮಾಸದ ಕಾಲ. ಮಳೆಗಾಲದಲ್ಲಿ ಜೀವರಾಶಿ ಹೆಚ್ಚುವುದರಿಂದ ಹಿಂಸೆ ತಪ್ಪಿಸಲು ಮುನಿಗಳು ಒಂದೆಡೆ ನಿಲ್ಲುವರು. ವರ್ತಕನೂ ಅದೇ ಕಾಲದಲ್ಲಿ ಮನೆಯಲ್ಲಿರುವನು. ಆಹಾರದಾನಕ್ಕೂ ಶಾಸ್ತ್ರಶ್ರವಣಕ್ಕೂ ಇದಕ್ಕಿಂತ ಒಳ್ಳೆಯ ಹೊಂದಿಕೆ ಬೇರೆಯಿಲ್ಲ. ಮಲೆನಾಡಿನ ಕಣಿವೆಗಳಲ್ಲಿ ಜೈನಧರ್ಮ ಅಷ್ಟು ಆಳವಾಗಿ ಬೇರೂರಲು ಈ ಹೊಂದಿಕೆಯೂ ಒಂದು ಕಾರಣವಾಗಿದ್ದಿರಬೇಕೆಂದು ತೋರುತ್ತದೆ.

ಹೆಸರಿನ ಮಾತು

ಗೇರುಸೊಪ್ಪೆ ಎಂಬ ಹೆಸರನ್ನು ಗೋಡಂಬಿಯ ಗೇರಿಗೆ ಜೋಡಿಸಿ ಹೇಳುವುದುಂಟು. ಆದರೆ ಗೋಡಂಬಿಯ ಗಿಡ ಅಮೆರಿಕ ಖಂಡದ್ದು. ಅದನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಅವರು ಬರುವುದಕ್ಕೆ ಮೊದಲೇ ಊರಿನ ಹೆಸರು ಶಾಸನಗಳಲ್ಲಿದೆ. ಆದ್ದರಿಂದ ಇಲ್ಲಿಯ ಗೇರು ನಮ್ಮ ಕಾಡಿನ ಕರಿಗೇರು. ಅಗಸರು ಬಟ್ಟೆಗೆ ಅಳಿಸಲಾಗದ ಗುರುತು ಹಾಕಲು ಬಳಸುತ್ತಿದ್ದ ಕಾಯಿ. ಸಂಸ್ಕೃತದಲ್ಲಿ ಇದಕ್ಕೆ ಭಲ್ಲಾತಕ ಎನ್ನುತ್ತಾರೆ. ಗೇರುಸೊಪ್ಪೆಗೆ ಭಲ್ಲಾತಕೀಪುರ ಎಂಬ ಹೆಸರೂ ಇದ್ದುದರಿಂದ ಈ ಅರ್ಥವೇ ಸರಿಯೆಂಬುದಕ್ಕೆ ಆಧಾರ ದೊರೆಯುತ್ತದೆ. ಕ್ಷೇಮಪುರ ಎಂಬುದು ಅದರ ಇನ್ನೊಂದು ಹೆಸರು. ನಾಡಿಗೆ ನಗಿರೆ ರಾಜ್ಯವೆಂದು ಹೆಸರು. ಹಳೆಯ ಪಟ್ಟಣದ ಅವಶೇಷಗಳಿರುವ ಜಾಗವನ್ನು ಇಂದು ನಗರಬಸ್ತಿಕೇರಿ ಎನ್ನುತ್ತಾರೆ. ನಗರವೂ ಹೋಗಿ, ಕೇರಿಯೂ ಚದುರಿ, ಬಸ್ತಿ ಮಾತ್ರ ಉಳಿದಿರುವ ಸ್ಥಳಕ್ಕೆ ಈ ಹೆಸರು ಒಪ್ಪುವಂತಿದೆ.

ಈ ಊರು ಬರಿಯ ವ್ಯಾಪಾರದ ಊರಾಗಿರಲಿಲ್ಲ. 1533ರಲ್ಲಿ ‘ಕಾವ್ಯಸಾರ’ವೆಂಬ ಸಂಕಲನವನ್ನು ರಚಿಸಿದ ಅಭಿನವವಾದಿ ವಿದ್ಯಾನಂದರು ಗೇರುಸೊಪ್ಪೆಯವರು. ಹಲವು ಪೂರ್ವಕವಿಗಳ ಪದ್ಯಗಳನ್ನು ವಿಷಯಾನುಸಾರವಾಗಿ ಆಯ್ದು ಜೋಡಿಸಿದ ಈ ಕಾರ್ಯವನ್ನು ಗ್ರಂಥಭಂಡಾರಗಳಿಲ್ಲದ ಊರಿನಲ್ಲಿ ಮಾಡಲು ಸಾಧ್ಯವಿಲ್ಲ. ವರ್ತಕರ ಹಣ ಶಾಸ್ತ್ರದಾನಕ್ಕೂ ಸಂದಿತ್ತೆಂಬುದನ್ನು ಇದರಿಂದ ಊಹಿಸಬಹುದು.

ಮೆಣಸು ಮತ್ತು ತಕ್ಕಡಿ

ಗೇರುಸೊಪ್ಪೆಯ ಸಂಪತ್ತಿನ ಮೂಲ ಕಾಳುಮೆಣಸು. ಮೆಣಸಿನ ಬಳ್ಳಿಗೆ ತಾನೇ ನಿಲ್ಲುವ ಶಕ್ತಿಯಿಲ್ಲ; ಅದು ಮರವನ್ನು ಆಶ್ರಯಿಸಿ ಏರಬೇಕು. ಅದಕ್ಕೆ ನೆರಳು ಬೇಕು. ಧಾರಾಳವಾದ ಮಳೆ ಬೇಕು. ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಈ ಮೂರೂ ಒಟ್ಟಿಗೆ ದೊರೆಯುವುದು ಘಟ್ಟದ ಇಳಿಜಾರಿನ ತೋಟಗಳಲ್ಲಿ. ಅಲ್ಲಿ ಅಡಿಕೆಯ ಮರವೇ ಬಳ್ಳಿಗೆ ಆಧಾರ. ಬೆಟ್ಟದ ಸೊಪ್ಪೇ ಗೊಬ್ಬರ. ಡಿಸೆಂಬರಿನಿಂದ ಮಾರ್ಚಿಯವರೆಗೆ ಕೊಯ್ಲು. ಹಸಿ ಕಾಳನ್ನು ಬಿಸಿಲಿಗೆ ಹರಡಿದರೆ ಕೆಲವು ದಿನಗಳಲ್ಲಿ ಕಪ್ಪಾಗಿ ಸುಕ್ಕುಗಟ್ಟಿ, ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಕೊಯ್ಲು ಮುಗಿಯುವ ಹೊತ್ತಿಗೆ ಕಡಲೂ ತೆರೆದಿರುತ್ತದೆ, ಘಟ್ಟದ ಹಾದಿಯೂ ಒಣಗಿರುತ್ತದೆ. ನಿಸರ್ಗವೇ ಈ ವ್ಯಾಪಾರದ ಪಂಚಾಂಗವನ್ನು ಬರೆದಿಟ್ಟಂತಿದೆ.

ಒಣಗಿದ ಮೆಣಸಿನಷ್ಟು ವ್ಯಾಪಾರಕ್ಕೆ ಅನುಕೂಲವಾದ ಸರಕು ಬೇರೆಯಿಲ್ಲ. ತೂಕ ಕಡಿಮೆ, ಬೆಲೆ ಹೆಚ್ಚು, ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಮೋಸಕ್ಕೂ ಅದರಷ್ಟು ಅನುಕೂಲವಾದ ಸರಕು ಇಲ್ಲ. ಪೂರ್ತಿ ಒಣಗಿಸದೆ ತೂಗಿದರೆ ನೀರಿಗೂ ಮೆಣಸಿನ ಬೆಲೆ ಬರುತ್ತದೆ. ಜೊಳ್ಳು ಕಾಳನ್ನು ಸೇರಿಸಿದರೆ ಚೀಲ ತುಂಬುತ್ತದೆ. ಇಂದಿನ ಕಾಲದಲ್ಲಂತೂ ಒಣಗಿದ ಪಪ್ಪಾಯಿ ಬೀಜವನ್ನು ಬೆರೆಸುವ ಚಾಳಿ ಪೇಟೆಯವರಿಗೆಲ್ಲ ಗೊತ್ತಿದೆ. ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ನಮ್ಮ ಆಚಾರ್ಯರು ಕದಿಯುವವನಿಗೆ ಪ್ರೇರಣೆ ಕೊಡುವುದನ್ನೂ ಕದ್ದ ಮಾಲು ಕೊಳ್ಳುವುದನ್ನೂ ಹೇಳಿ ಅಲ್ಲಿಗೆ ನಿಲ್ಲಿಸಲಿಲ್ಲ; ತೂಕ ಅಳತೆಗಳಲ್ಲಿ ಹೆಚ್ಚು ಕಡಿಮೆ ಮಾಡುವುದನ್ನೂ, ಒಳ್ಳೆಯ ಸರಕಿನಲ್ಲಿ ಕೀಳು ಸರಕು ಬೆರೆಸುವುದನ್ನೂ ಸೇರಿಸಿದರು. ಶ್ರಾವಕರಲ್ಲಿ ವರ್ತಕರೇ ಹೆಚ್ಚು ಎಂಬುದನ್ನು ಅರಿತೇ ಅವರು ಈ ಸೂಕ್ಷ್ಮವನ್ನು ಹಿಡಿದಿದ್ದಾರೆ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಕನ್ನಡದಲ್ಲಿ ಮೆಣಸು ಎಂದರೆ ಮೂಲತಃ ಕಾಳುಮೆಣಸೇ. ಪೋರ್ಚುಗೀಸರು ಅಮೆರಿಕದಿಂದ ಬಂದ ಖಾರದ ಕಾಯಿಯನ್ನು ಈ ಕರೆಗೆ ತಲುಪಿಸಿದ ಮೇಲೆ ಅದಕ್ಕೆ ಮೆಣಸಿನಕಾಯಿ ಎಂಬ ಹೆಸರು ಬಂತು; ಕ್ರಮೇಣ ನಮ್ಮ ಅಡುಗೆಮನೆಯಲ್ಲಿ ಅದೇ ಮುಖ್ಯವಾಯಿತು. ಇಂದು ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ದೇಶವಿದೇಶಗಳಲ್ಲಿ ಕೇಳಿಬರುವುದು ಈ ಹೊಸ ಮೆಣಸಿನಿಂದ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಹಳೆಯ ಮೆಣಸಿನ ರಾಜಧಾನಿ ಕಾಡಾಗಿ, ಆ ಮೆಣಸನ್ನು ಅರಸಿ ಬಂದವರು ಬಿಟ್ಟುಹೋದ ಹೊಸ ಮೆಣಸಿಗೆ ನಮ್ಮ ಬಯಲುಸೀಮೆ ರಾಜಧಾನಿಯಾಯಿತು. ಸರಕಿನ ಭಾಗ್ಯವೂ ಊರಿನ ಭಾಗ್ಯವೂ ಸ್ಥಿರವಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಐವತ್ತನಾಲ್ಕು ವರ್ಷಗಳ ಆಳ್ವಿಕೆ

ಗೇರುಸೊಪ್ಪೆ ಹಾಗೂ ಹಾಡುವಳ್ಳಿಗಳ ಸಾಳ್ವ ಅರಸರು ವಿಜಯನಗರಕ್ಕೆ ಸಾಮಂತರಾಗಿದ್ದವರು. ಸಂಗೀತಪುರವೆಂದು ಹೆಸರಾದ ಹಾಡುವಳ್ಳಿ, ಬಂದರು ಪಟ್ಟಣವಾದ ಭಟ್ಕಳ, ಕಣಿವೆಯ ಗೇರುಸೊಪ್ಪೆ, ಇವು ಮೂರೂ ಜೈನ ವಿದ್ಯೆಗೂ ವಾಣಿಜ್ಯಕ್ಕೂ ಆಶ್ರಯವಾಗಿದ್ದವು. 16ನೆಯ ಶತಮಾನದ ಮೊದಲ ಭಾಗದಲ್ಲಿ ಈ ಕರಾವಳಿಯನ್ನು ಬಲ್ಲ ಪೋರ್ಚುಗೀಸ ಬರಹಗಾರ ದುವಾರ್ತೆ ಬಾರ್ಬೊಸಾ, ಮಲಬಾರಿನ ದೋಣಿಗಳು ಹೊನ್ನಾವರಕ್ಕೆ ತೆಂಗಿನಕಾಯಿ, ಎಣ್ಣೆ ಮುಂತಾದುವನ್ನು ತಂದು ಅಕ್ಕಿಯನ್ನು ತುಂಬಿಕೊಂಡು ಹೋಗುತ್ತಿದ್ದುದನ್ನು ದಾಖಲಿಸಿದ್ದಾನೆ.

ಚೆನ್ನಭೈರಾದೇವಿಯು 1552ರಲ್ಲಿ ಪಟ್ಟಕ್ಕೆ ಬಂದು 1606ರವರೆಗೆ, ಅಂದರೆ ಐವತ್ತನಾಲ್ಕು ವರ್ಷ ಆಳಿದಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದು ಕರೆದರು. ಆ ಹೆಸರಿನಲ್ಲಿ ಗೌರವವೂ ಇತ್ತು, ಆಸೆಯೂ ಇತ್ತು. ಸಮುದ್ರದ ಮೇಲಿನ ಮೆಣಸಿನ ವ್ಯಾಪಾರವೆಲ್ಲ ತಮ್ಮ ಕೈಯಲ್ಲಿರಬೇಕೆಂಬುದು ಅವರ ಹಟ. ತನ್ನ ನಾಡಿನ ಬೆಳೆಯನ್ನು ತನಗೆ ಒಪ್ಪಿಗೆಯಾದ ರೀತಿಯಲ್ಲಿ ಮಾರುವುದು ರಾಣಿಯ ಹಕ್ಕು. ಘರ್ಷಣೆ ಅನಿವಾರ್ಯವಾಯಿತು. 1565ರ ಯುದ್ಧದಲ್ಲಿ ವಿಜಯನಗರ ಸೋತ ಮೇಲೆ ರಾಣಿಯ ಬೆನ್ನಿಗಿದ್ದ ದೊಡ್ಡ ಆಸರೆ ಕಳಚಿತು. 1569ರಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ವಶವಾಯಿತು. ಮುಂದೆ 1570-71ರಲ್ಲಿ ಬಿಜಾಪುರ, ಅಹಮದನಗರ, ಕಲ್ಲಿಕೋಟೆಗಳು ಒಂದುಗೂಡಿ ಪೋರ್ಚುಗೀಸರ ಮೇಲೆ ಬಿದ್ದಾಗ ರಾಣಿಯೂ ಹೊನ್ನಾವರವನ್ನು ಮರಳಿ ಪಡೆಯಲು ಯತ್ನಿಸಿದಳು.

1560ರಲ್ಲಿ ಗೋವೆಯಲ್ಲಿ ಕ್ರೈಸ್ತ ಧರ್ಮವಿಚಾರಣೆಯ ನ್ಯಾಯಪೀಠ ಸ್ಥಾಪನೆಯಾದ ಬಳಿಕ ಅನೇಕ ಕೊಂಕಣಿ ಕುಟುಂಬಗಳು ದಕ್ಷಿಣದ ಕರಾವಳಿಗೆ ಬಂದು ನೆಲಸಿದವು. ಅವರಿಗೆ ಚೆನ್ನಭೈರಾದೇವಿಯು ಆಶ್ರಯವಿತ್ತಳೆಂಬ ನೆನಪು ಇಂದಿಗೂ ಜನರಲ್ಲಿ ಉಳಿದಿದೆ. ಮತ ಯಾವುದೆಂದು ಕೇಳದೆ ಭಯಗೊಂಡವರಿಗೆ ನೆಲೆ ಕೊಡುವುದೇ ಅಭಯದಾನ. ಚತುರ್ವಿಧ ದಾನಗಳಲ್ಲಿ ಅದಕ್ಕೆ ಹಿರಿದಾದ ಸ್ಥಾನವಿದೆ.

ವರ್ತಕರ ಲೆಕ್ಕ

ಈಗ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಗೇರುಸೊಪ್ಪೆಯ ವರ್ತಕರ ಹೆಸರುಗಳು ಮೂರು ಸಂದರ್ಭಗಳಲ್ಲಿ ಶಾಸನಗಳಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತವೆ.

ಮೊದಲನೆಯದು ಶ್ರವಣಬೆಳಗೊಳದ 1412ರ ಶಾಸನ. ಗೇರುಸೊಪ್ಪೆಯ ಗುಮ್ಮಟಣ್ಣನೆಂಬುವನು ಅಷ್ಟು ದೂರ ಪಯಣ ಮಾಡಿ ಬೆಳಗೊಳಕ್ಕೆ ಬಂದು, ಚಿಕ್ಕಬೆಟ್ಟದ ಚಿಕ್ಕಬಸ್ತಿ, ಬಡಗಣ ಬಾಗಿಲ ಬಳಿಯ ಮೂರು ಬಸ್ತಿಗಳು, ಮಂಗಾಯಿ ಬಸ್ತಿ, ಹೀಗೆ ಐದು ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿ, ತ್ಯಾಗಿಗಳ ಒಂದು ತಂಡಕ್ಕೆ ಆಹಾರದ ವ್ಯವಸ್ಥೆ ಮಾಡಿದನು. ಗಮನಿಸಿ: ಅವನು ಹೊಸ ಬಸದಿ ಕಟ್ಟಲಿಲ್ಲ. ಹೊಸದನ್ನು ಕಟ್ಟಿದವನ ಹೆಸರು ಬಾಗಿಲ ಮೇಲೆ ನಿಲ್ಲುತ್ತದೆ. ಹಳೆಯದನ್ನು ರಿಪೇರಿ ಮಾಡಿಸಿದವನ ಹೆಸರು ಸಾಮಾನ್ಯವಾಗಿ ಮರೆತುಹೋಗುತ್ತದೆ. ಆದರೂ ಆತ ರಿಪೇರಿಯನ್ನೇ ಆರಿಸಿಕೊಂಡನು.

ಎರಡನೆಯದು ಶ್ರವಣಬೆಳಗೊಳದಲ್ಲಿಯೇ ಇರುವ 1539ರ ಕೆಲವು ಶಾಸನಗಳು. ಇವುಗಳ ನಾಯಕ ಗೇರುಸೊಪ್ಪೆಯ ಚವುಡಿಶೆಟ್ಟಿ. ಬೆಳಗೊಳದ ಕೆಲವರ ಭೂಮಿ ಅಡವಾಗಿತ್ತು. ಚವುಡಿಶೆಟ್ಟಿ ಆ ಭೂಮಿಯನ್ನು ಅಡವಿನಿಂದ ಬಿಡಿಸಿಕೊಟ್ಟನು. ಅದಕ್ಕೆ ಪ್ರತಿಯಾಗಿ ಆ ಜನರು ತ್ಯಾಗಿಗಳ ಒಂದು ತಂಡಕ್ಕೆ ಆಹಾರ ನೀಡುವುದೇ ಮುಂತಾದ ಸೇವೆಗಳನ್ನು ತಾವು ನಿರಂತರವಾಗಿ ನಡೆಸುವೆವೆಂದು ಶಾಸನಪೂರ್ವಕವಾಗಿ ಒಪ್ಪಿಕೊಂಡರು.

ವಾಣಿಜ್ಯ ಪದವಿಗಾಗಿ ಲೆಕ್ಕಶಾಸ್ತ್ರವನ್ನು ಓದಿ, ನಾಲ್ಕು ದಶಕ ಅಂಗಡಿಯ ಗಲ್ಲೆಯ ಮೇಲೆ ಕುಳಿತವನಿಗೆ ಈ ಶಾಸನ ಬಹಳ ಯೋಚಿಸುವಂತೆ ಮಾಡುತ್ತದೆ. ಶೆಟ್ಟಿಯು ನೇರವಾಗಿ ಅಷ್ಟೇ ಹಣವನ್ನು ಆಹಾರದಾನಕ್ಕೆ ಕೊಡಬಹುದಾಗಿತ್ತು. ಪುಣ್ಯ ಅವನ ಪಾಲಿಗೆ ಬರುತ್ತಿತ್ತು. ಹಣ ಕೆಲವು ವರ್ಷಗಳಲ್ಲಿ ಮುಗಿಯುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ರೈತನ ಭೂಮಿ ರೈತನಿಗೇ ಉಳಿಯಿತು. ಅದರ ಫಲದಲ್ಲಿ ಒಂದು ಪಾಲು ಧರ್ಮಕ್ಕೆ ಮೀಸಲಾಯಿತು. ಸಾಲಗಾರನಾಗಿದ್ದವನು ದಾನಿಯಾದನು. ಕೈಚಾಚಿ ಪಡೆದವನೆಂಬ ಕೀಳರಿಮೆ ಅವನಿಗೆ ಉಳಿಯಲಿಲ್ಲ. ಕೊಟ್ಟವನೆಂಬ ಅಹಂಕಾರಕ್ಕೆ ಶೆಟ್ಟಿಗೆ ಎಡೆಯಿರಲಿಲ್ಲ, ಏಕೆಂದರೆ ಊಟ ಹಾಕುವವರು ಬೇರೆಯವರು. ಒಂದೇ ಹಣದಿಂದ ಒಂದು ಕುಟುಂಬ ಉಳಿಯಿತು, ಒಂದು ಸಂಘಕ್ಕೆ ಆಹಾರ ದೊರೆಯಿತು, ಒಂದು ಊರಿಗೆ ಧರ್ಮದ ಹೊಣೆ ಬಂತು. ಇಂಥ ವ್ಯವಹಾರವನ್ನು ಬರೆಯಲು ನಮ್ಮ ಖಾತೆ ಪುಸ್ತಕಗಳಲ್ಲಿ ತಕ್ಕ ಅಂಕಣವಿಲ್ಲ. ಬಾರದ ಬಾಕಿಯನ್ನು ಬಿಟ್ಟುಬಿಡುವುದು ಎಲ್ಲ ವ್ಯಾಪಾರಗಳಲ್ಲೂ ಇದೆ. ಹೊರೆಯನ್ನು ಇಳಿಸುವುದಕ್ಕಾಗಿಯೇ ಹಣ ಬಿಡುವುದು ಅಪರೂಪ. ಪರಿಗ್ರಹ ಪರಿಮಾಣ ವ್ರತವೆಂಬುದು ಬರಿಯ ಸಂಖ್ಯೆಯ ಮಿತಿಯಲ್ಲ, ಇನ್ನೊಬ್ಬನ ನೆಲದ ಮೇಲಿನ ಹಿಡಿತವನ್ನು ಸಡಿಲಿಸುವುದೂ ಅದರಲ್ಲಿ ಸೇರಿದೆ ಎಂಬುದನ್ನು ಚವುಡಿಶೆಟ್ಟಿಯ ನಡತೆಯಿಂದ ಕಲಿಯಬಹುದು.

ಮೂರನೆಯದು ಗೇರುಸೊಪ್ಪೆಯದೇ, ಸುಮಾರು 1560ರದು. ಯೋಜಣಶೆಟ್ಟಿಯು ಕಟ್ಟಿಸಿದ ನೇಮಿನಾಥ ಚೈತ್ಯಾಲಯದ ಮುಂದೆ ಅವನ ಮೊಮ್ಮಗ ಅಂಬವಣಶೆಟ್ಟಿಯು ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದ ಸಂಗತಿ ಅದರಲ್ಲಿದೆ. ಅಜ್ಜ ಮಾಡಿದ ಕಾರ್ಯವನ್ನು ಮೊಮ್ಮಗ ಮುಂದುವರಿಸಿದ ಈ ದಾಖಲೆ, ಆಸ್ತಿಯ ಪಾಲಿಗಾಗಿ ಮಾತ್ರ ಹಿರಿಯರನ್ನು ನೆನೆಯುವ ಇಂದಿನ ಮನೆತನಗಳು ಓದಬೇಕಾದದ್ದು. ಮಾನಸ್ತಂಭವನ್ನು ಕಂಡೊಡನೆ ಮಾನಕಷಾಯ ಇಳಿಯಬೇಕೆಂಬುದು ಅದರ ತಾತ್ಪರ್ಯ. ಸಿರಿವಂತ ವರ್ತಕರ ಪೇಟೆಯಲ್ಲಿ ಅದಕ್ಕಿಂತ ಯೋಗ್ಯವಾದ ಕಂಬ ಬೇರೊಂದಿರಲಾರದು.

ದಿಕ್ಕಿಗೊಂದು ಎಲ್ಲೆ

ಗೃಹಸ್ಥನ ಗುಣವ್ರತಗಳಲ್ಲಿ ದಿಗ್ವ್ರತ ಮೊದಲನೆಯದು. ಹತ್ತು ದಿಕ್ಕುಗಳಲ್ಲಿಯೂ ತಾನು ಇಷ್ಟರಿಂದಾಚೆಗೆ ಹೋಗುವುದಿಲ್ಲವೆಂದು ಶ್ರಾವಕನು ಎಲ್ಲೆ ಕಟ್ಟಿಕೊಳ್ಳಬೇಕು. ಆ ಎಲ್ಲೆಯನ್ನು ಗುರುತಿಸಲು ನಮ್ಮ ಶ್ರಾವಕಾಚಾರಗಳು ಹೇಳುವುದು ಸಮುದ್ರ, ನದಿ, ಅಡವಿ, ಪರ್ವತ ಮುಂತಾದ ಪ್ರಸಿದ್ಧ ಗಡಿಗಳನ್ನು. ಗೇರುಸೊಪ್ಪೆಯ ವರ್ತಕನಿಗೆ ಇವೆಲ್ಲವೂ ಕಣ್ಣೆದುರಿಗೇ ಇದ್ದವು: ಮೂಡಲಿಗೆ ಘಟ್ಟ, ಪಡುವಲಿಗೆ ಕಡಲು, ನಡುವೆ ನದಿ, ಸುತ್ತಲೂ ಅಡವಿ.

ವ್ರತದ ಉದ್ದೇಶ ಕಾಲಿಗೆ ಸಂಕೋಲೆ ಹಾಕುವುದಲ್ಲ, ಲೋಭಕ್ಕೆ ಬೇಲಿ ಹಾಕುವುದು. ತನ್ನ ಎಲ್ಲೆಯಾಚೆಗಿನ ಆರಂಭ ಸಮಾರಂಭಗಳ ಪಾಪದಿಂದ ಗೃಹಸ್ಥನು ದೂರವಿರಲಿ ಎಂಬುದು ಅದರ ಆಶಯ. ಆದರೆ ವರ್ತಕನು ಕಣಿವೆಯಲ್ಲಿಯೇ ಇದ್ದರೂ ಅವನ ಸರಕು ಲಿಸ್ಬನ್ನಿನವರೆಗೆ ಹೋಗುತ್ತಿತ್ತು. ಆ ಸರಕಿಗಾಗಿ ಕಡಲಿನಲ್ಲಿ ಹಡಗುಗಳು ಹೊತ್ತಿ ಉರಿಯುತ್ತಿದ್ದವು. ಮನುಷ್ಯನು ಎಲ್ಲೆಯೊಳಗಿದ್ದು ಅವನ ಲಾಭ ಎಲ್ಲೆ ಮೀರಿದರೆ ವ್ರತ ಉಳಿಯಿತೇ? ಇಂದು ಅಂಗಡಿಯಲ್ಲಿ ಕುಳಿತೇ ದೂರವಾಣಿಯ ಮೇಲೆ ದೇಶವಿದೇಶಗಳ ವ್ಯವಹಾರ ನಡೆಸುವ ನಮಗೂ ಈ ಪ್ರಶ್ನೆ ಅನ್ವಯಿಸುತ್ತದೆ. ನಾವು ಮಾರುವ ವಸ್ತು ಎಲ್ಲಿಂದ ಬಂತು, ಯಾರ ಬೆವರಿನಿಂದ ಬಂತು, ಯಾವ ಹಿಂಸೆಯಿಂದ ಬಂತು ಎಂದು ಕೇಳಿಕೊಳ್ಳುವುದೇ ಈ ಕಾಲದ ದಿಗ್ವ್ರತವೆನ್ನಬಹುದು.

ಅಳಿದದ್ದು, ಉಳಿದದ್ದು

1606ರಲ್ಲಿ ಕೆಳದಿಯ ವೆಂಕಟಪ್ಪನಾಯಕನು ಗೇರುಸೊಪ್ಪೆಯನ್ನು ಗೆದ್ದು ರಾಣಿಯನ್ನು ಸೆರೆಹಿಡಿದನು. ಅವಳು ಸೆರೆಯಲ್ಲಿಯೇ ತೀರಿಕೊಂಡಳು. ಕೇವಲ 17 ವರ್ಷಗಳ ನಂತರ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಇಕ್ಕೇರಿಗೆ ಹೊರಟ ಪೋರ್ಚುಗೀಸ ರಾಯಭಾರಿಯೊಡನೆ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದನು. ನದಿಯ ಚೆಲುವಿಗೆ ಅವನು ಮಾರುಹೋದನು. ಆದರೆ ಊರು ಹಾಳಾಗಿ ಅರಮನೆಯ ಜಾಗದಲ್ಲಿ ಮರಗಳು ಬೆಳೆದಿದ್ದುದನ್ನು ಬರೆದಿಟ್ಟನು. ಒಂದು ತಲೆಮಾರು ಕಳೆಯುವುದರೊಳಗೆ ಒಂದು ರಾಜಧಾನಿ ಕಾಡಾಯಿತು.

ಇಷ್ಟು ಬೇಗ ಏಕೆ? ಬಯಲುಸೀಮೆಯಲ್ಲಾದರೆ ರಾಜಧಾನಿ ಬಿದ್ದರೂ ಹಳ್ಳಿ ಉಳಿಯುತ್ತದೆ, ಉಳುವವನಿಗೆ ಹೊಲವಿರುತ್ತದೆ. ಇಕ್ಕಟ್ಟಾದ ಕಣಿವೆಯಲ್ಲಿ ದೊಡ್ಡ ಪಟ್ಟಣವನ್ನು ಸಾಕುವಷ್ಟು ಗದ್ದೆಯಿರಲಿಲ್ಲ. ಆಳ್ವಿಕೆಯ ಕೇಂದ್ರ ಘಟ್ಟದ ಮೇಲಕ್ಕೆ ಹೋಯಿತು. ಅದರೊಡನೆ ಹಣವೂ ವರ್ತಕರೂ ಹೊರಟರು. ವರ್ತಕರು ಹೋದ ಮೇಲೆ ಬಸದಿಗೆ ಎಣ್ಣೆ ಬತ್ತಿ ನೋಡುವವರು ಯಾರು? ಮಲೆನಾಡಿನಲ್ಲಿ ಕಾಡು ಬಾಗಿಲ ಹೊರಗೇ ಕಾದಿರುತ್ತದೆ. ನಾಲ್ಕು ಮಳೆಗಾಲ ಹುಲ್ಲು ಕೀಳದಿದ್ದರೆ ಗೋಡೆಯ ಬಿರುಕಿನಲ್ಲಿ ಆಲದ ಸಸಿ ಹುಟ್ಟುತ್ತದೆ. ಅದರ ಬೇರು ಕಲ್ಲನ್ನು ಸೀಳುತ್ತದೆ. ಊರಿನಲ್ಲಿ 84 ಬಸದಿಗಳಿದ್ದವೆಂದು ಜನರ ಬಾಯಲ್ಲಿದೆ. ಆ ಸಂಖ್ಯೆ ಏನೇ ಇರಲಿ, ಇಂದು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ: ನೇಮಿನಾಥ, ಪಾರ್ಶ್ವನಾಥ, ವರ್ಧಮಾನ ಬಸದಿಗಳು, ಈಗಲೂ ಭಕ್ತರು ನಡೆದುಕೊಳ್ಳುವ ಜ್ವಾಲಾಮಾಲಿನಿ ದೇವಿಯ ಗುಡಿ, ಹಾಗೂ ಎಲ್ಲಕ್ಕೂ ಮಿಗಿಲಾದ ಚತುರ್ಮುಖ ಬಸದಿ.

16ನೆಯ ಶತಮಾನದ ಈ ಚತುರ್ಮುಖ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು. ಯಾವ ಬಾಗಿಲಿನಿಂದ ಬಂದರೂ ಎದುರಿಗೆ ಜಿನಬಿಂಬ. ಸಮವಸರಣದಲ್ಲಿ ಜಿನೇಶ್ವರನ ಮುಖ ಎಲ್ಲ ದಿಕ್ಕಿನವರಿಗೂ ಕಾಣುತ್ತಿತ್ತೆಂಬ ನಂಬಿಕೆಯನ್ನು ಕಲ್ಲಿನಲ್ಲಿ ಮೂಡಿಸಿದ ರಚನೆಯಿದು. ಇದೇ ವಿನ್ಯಾಸದ ಕಾರ್ಕಳದ ಬಸದಿಯನ್ನು ಇಮ್ಮಡಿ ಭೈರರಸ ಒಡೆಯನು 1586ರಲ್ಲಿ ಕಟ್ಟಿಸಿದನು. ಕಾರ್ಕಳದಲ್ಲಿ ಶ್ರಾವಕ ಸಮಾಜ ಇಂದಿಗೂ ಇದೆ. ಅಲ್ಲಿಯ ಬಸದಿಗೆ ನಿತ್ಯ ದರ್ಶನಾರ್ಥಿಗಳಿದ್ದಾರೆ. ಗೇರುಸೊಪ್ಪೆಯಲ್ಲಿ ನಾಲ್ಕು ಬಾಗಿಲುಗಳೂ ತೆರೆದಿವೆ, ಬರುವವರು ಕಡಿಮೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಿಂದಾಗಿ ಅದು ಬೀಳದೆ ನಿಂತಿದೆ.

ಕಣಿವೆಯ ಬಾಳು ಈಗ ಬೇರೆ ರೂಪ ತಾಳಿದೆ. 1964ರಲ್ಲಿ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯಲ್ಲಿಯೇ 240 ಮೆಗಾವಾಟಿನ ವಿದ್ಯುದಾಗಾರ ಕೆಲಸ ಆರಂಭಿಸಿತು. ಒಂದು ಕಾಲಕ್ಕೆ ಮೆಣಸನ್ನು ಕಳಿಸಿದ ಕಣಿವೆ ಈಗ ನಾಡಿಗೆ ಬೆಳಕನ್ನು ಕಳಿಸುತ್ತಿದೆ. ಸುತ್ತಣ ಅಡವಿಯಲ್ಲಿ ಸಿಂಗಳೀಕಗಳಿಗೆ ಅಭಯಾರಣ್ಯವಿದೆ. ಹಳೆಯ ಪೇಟೆಯ ಬೀದಿಯಲ್ಲಿ ವ್ಯಾಪಾರವಿಲ್ಲದಿದ್ದರೂ ಜೀವರಾಶಿಗೆ ನೆಲೆ ಸಿಕ್ಕಿದೆಯೆಂಬುದು ಅಹಿಂಸೆಯನ್ನು ಪರಮಧರ್ಮವೆಂದು ತಿಳಿದವರಿಗೆ ಸಮಾಧಾನದ ಸಂಗತಿ.

ತೀರದ ಬಾಕಿ

ಜಮಾ-ಖರ್ಚು ಬರೆದ ಮೇಲೆ ಶಿಲ್ಕು ತೆಗೆಯಬೇಕು. ಗೇರುಸೊಪ್ಪೆಯವರು ಬೆಳಗೊಳದ ಐದು ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದರು. ಅಲ್ಲಿಯವರ ಭೂಮಿಯನ್ನು ಅಡವಿನಿಂದ ಬಿಡಿಸಿದರು. ತಮ್ಮ ಊರಿನದಲ್ಲದ ಧರ್ಮಕಾರ್ಯಕ್ಕೆ ಅವರು ಹಣ ಹಾಕಿದರು. ಇಂದು ಅವರ ಊರಿಗೆ ಊರವರೇ ಇಲ್ಲ. ಹಾಗಾದರೆ ಆ ಋಣ ಯಾರ ಖಾತೆಯಲ್ಲಿದೆ? ಸಮಾಜದ ಖಾತೆಯಲ್ಲಿದೆ, ಅಂದರೆ ನಮ್ಮೆಲ್ಲರ ಖಾತೆಯಲ್ಲಿದೆ.

ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಇದು ಅಡ್ಡಿಯೆಂದು ಕೆಲವರು ಭಾವಿಸುತ್ತಾರೆ. ನನಗೆ ಅದು ರಕ್ಷೆಯಾಗಿ ಕಾಣುತ್ತದೆ. ಹಳೆಯ ಬಸದಿಗಳಿಗೆ ಹೊಳೆಯುವ ಹಂಚು ಕೂರಿಸಿ, ಶಾಸನದ ಕಲ್ಲಿಗೆ ಎಣ್ಣೆಬಣ್ಣ ಬಳಿದು, ಅದನ್ನೇ ಜೀರ್ಣೋದ್ಧಾರವೆಂದು ಕರೆಯುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಬಣ್ಣ ಬಳಿದ ಶಾಸನ ಓದಲು ಬಾರದು. ಓದಲಾಗದ ಶಾಸನ ಸತ್ತ ಸಾಕ್ಷಿಗೆ ಸಮಾನ. 1412ರ, 1539ರ ಕಲ್ಲುಗಳಿಗೂ ಯಾರಾದರೂ ಹೀಗೆ ಬಣ್ಣ ಬಳಿದಿದ್ದರೆ ಗುಮ್ಮಟಣ್ಣನೂ ಚವುಡಿಶೆಟ್ಟಿಯೂ ನಮಗೆ ದೊರೆಯುತ್ತಿರಲಿಲ್ಲ.

ಕಟ್ಟುವುದನ್ನು ಬಿಟ್ಟರೂ ಮಾಡಬೇಕಾದ ಕೆಲಸ ಬಹಳವಿದೆ. ಪ್ರತಿಯೊಂದು ವಿಶ್ವಸ್ತ ಮಂಡಳಿಯೂ ತನ್ನ ವಾರ್ಷಿಕ ಆಯವ್ಯಯದಲ್ಲಿ ಶ್ರಾವಕರಿಲ್ಲದ ಊರಿನ ಬಸದಿಗಳಿಗೆಂದು ಒಂದು ನಿಶ್ಚಿತ ಪಾಲನ್ನು ತೆಗೆದಿಡಬಹುದು. ಮೊತ್ತ ಚಿಕ್ಕದಾದರೂ ಚಿಂತೆಯಿಲ್ಲ. ಅದು ತಪ್ಪದೆ ಬರಬೇಕು. ತೀರ್ಥಯಾತ್ರೆಯ ಬಸ್ಸುಗಳು ಬೆಳಗೊಳ, ಕಾರ್ಕಳ, ಮೂಡುಬಿದಿರೆ, ಹೊಂಬುಜಗಳಿಗೆ ಹೋಗುವಾಗ ಗೇರುಸೊಪ್ಪೆಗೂ ಒಂದು ದಿನ ಮೀಸಲಿಡಬಹುದು. ಜನರು ಬರುವ ಜಾಗವನ್ನು ಕಾಡು ಅಷ್ಟು ಸುಲಭವಾಗಿ ನುಂಗುವುದಿಲ್ಲ. ಮನೆಯ ಹಳೆಯ ಪೆಟ್ಟಿಗೆಗಳಲ್ಲಿರುವ ಓಲೆಗರಿಗಳನ್ನೂ ದಾನಪತ್ರಗಳನ್ನೂ ಗೆದ್ದಲು ತಿನ್ನುವ ಮುನ್ನ ತೆಗೆದು ಪ್ರತಿ ಮಾಡಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಊರಿನಲ್ಲಿ ಸಾಲದಿಂದ ಹೊಲ ಕಳೆದುಕೊಳ್ಳುವ ಸ್ಥಿತಿಯಲ್ಲಿರುವ ಒಬ್ಬನನ್ನು, ಅವನು ಯಾವ ಮತದವನೇ ಆಗಿರಲಿ, ಋಣಮುಕ್ತಗೊಳಿಸಬಹುದು. ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಟ್ಟಲೆ ಕೂಗುವ ನಾವು ಸದ್ದಿಲ್ಲದೆ ಈ ಕೆಲಸ ಮಾಡಿದರೆ ಚವುಡಿಶೆಟ್ಟಿಯ ಪರಂಪರೆಗೆ ಸೇರುತ್ತೇವೆ.

ರಾಣಿಯ ಕೋಟೆಯನ್ನು ಶತ್ರು ಹಿಡಿದನು; ಪೇಟೆಯನ್ನು ಕಾಡು ಹಿಡಿಯಿತು; ಮೆಣಸಿನ ಲಾಭವನ್ನು ಅದರ ಒಡೆಯರೇ ತಿಂದು ಮುಗಿಸಿದರು. ಬಿಟ್ಟುಕೊಟ್ಟದ್ದು ಮಾತ್ರ ಉಳಿಯಿತು. ತ್ಯಾಗವೆಂಬ ಪದಕ್ಕೆ ನಮ್ಮ ಧರ್ಮದಲ್ಲಿರುವ ಬೆಲೆಯನ್ನು ಶರಾವತಿಯ ಕಣಿವೆಯ ಈ ಸಣ್ಣ ಪಟ್ಟಣ ಲೆಕ್ಕಸಹಿತ ತೋರಿಸಿಕೊಟ್ಟಿದೆ. ಆ ಲೆಕ್ಕವನ್ನು ಮುಂದುವರಿಸುವುದು ನಮ್ಮ ಕೈಯಲ್ಲಿದೆ.